ಗಟ್ಟಿ ಪೆಡಲು, ಮೆತ್ತನೆಯ ಪೆಡಲು

'ಬ್ರೇಕ್ ಫೇಲ್' ಎಂಬ ಎರಡು ಶಬ್ದಗಳು ನಮ್ಮ ಪತ್ರಿಕೆಗಳಿಗೆ ತುಂಬಾ ಅನುಕೂಲದವು. ಜೀಪು ಹಳ್ಳಕ್ಕೆ ಬಿತ್ತು, ಲಾರಿ ಹೋಟೆಲಿಗೆ ನುಗ್ಗಿತು, ಟಂಟಂ ಮಗುಚಿ ಬಿತ್ತು. ಕಾರಣ, ಬ್ರೇಕ್ ಫೇಲ್. ಅಲ್ಲಿಗೆ ವಿಚಾರಣೆ ಮುಗಿಯಿತು. ಹಿಂದೆ ಊರಲ್ಲಿ ಯಾರಾದರೂ ದಿಢೀರನೆ ತೀರಿಕೊಂಡರೆ 'ಹಾರ್ಟ್ ಫೇಲ್' ಎಂದು ಹೇಳಿ ಸುಮ್ಮನಾಗುತ್ತಿದ್ದೆವಲ್ಲ, ಹಾಗೆ. ಆ ಮನುಷ್ಯನಿಗೆ ಮೂರು ತಿಂಗಳಿಂದ ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತಿತ್ತೇ, ಎಡಭುಜ ನೋಯುತ್ತಿತ್ತೇ ಎಂದು ಯಾರೂ ಕೇಳುತ್ತಿರಲಿಲ್ಲ.

ಕಲಬುರಗಿಯ ಗಾಜಿಪುರದಲ್ಲಿ ನಮ್ಮ ಮನೆಗೆ ಸ್ವಲ್ಪ ದೂರದಲ್ಲಿ ಒಂದು ಗ್ಯಾರೇಜಿದೆ. ಗ್ಯಾರೇಜು ಅಂದರೆ ಬೋರ್ಡು, ಶಟರು ಏನೂ ಇಲ್ಲ. ಒಂದು ಬೇವಿನ ಮರ, ಒಂದು ತಗಡಿನ ಶೆಡ್ಡು, ಎಣ್ಣೆ ಕುಡಿದು ಕಪ್ಪಾದ ಶಾಹಾಬಾದ್ ಫರಸಿಯ ಒಂದು ಕಟ್ಟೆ. ಅಲ್ಲಿ ಕೂರುವವರನ್ನು ಎಲ್ಲರೂ 'ಉಸ್ತಾದ್' ಎಂದೇ ಕರೆಯುತ್ತಾರೆ. ಅರವತ್ತು ದಾಟಿದವರು. ಅವರಿಗೆ 'ಬ್ರೇಕ್ ಫೇಲ್' ಎಂಬ ಮಾತು ಕೇಳಿದರೆ ಸಿಟ್ಟು ಬರುತ್ತದೆ. "ಫೇಲ್ ಅನ್ನೋದು ಖಬರ್ ಅದರಿ, ಕಾರಣ ಅಲ್ಲ. ಪರೀಕ್ಷೆದಾಗ ಹುಡುಗ ಫೇಲ್ ಆದ ಅಂದ್ರ ಯಾವ ವಿಷಯದಾಗ ಆದ ಅಂತ ಕೇಳಲ್ಲೇನು ನೀವು?" ಎಂದು ಒಮ್ಮೆ ನನ್ನನ್ನೇ ಕೇಳಿದ್ದರು. ಅವರ ಲೆಕ್ಕದಲ್ಲಿ ಬ್ರೇಕು ಹೇಳದೆ ಕೇಳದೆ ಕೈಕೊಡುವುದು ನೂರಕ್ಕೊಮ್ಮೆ. ಉಳಿದ ಸಲ ಅದು ವಾರಗಟ್ಟಲೆ ಮೊದಲೇ ಹೇಳುತ್ತಿರುತ್ತದೆ. ಚಾಲಕನ ಕಾಲಿಗೆ ಹೇಳುತ್ತದೆ. ಕಾಲು ಯಾರಿಗೂ ಹೇಳುವುದಿಲ್ಲ.

ನಾನು ಕತೆ ಬರೆಯುವವನು. ಯಂತ್ರಗಳ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ ಎಂದು ಯಾರಾದರೂ ಅಂದರೆ ಒಪ್ಪುತ್ತೇನೆ. ಆದರೆ ನನ್ನ ತಂಗಿಯನ್ನು ಕಮಲಾಪುರಕ್ಕೆ ಕೊಟ್ಟಿದ್ದೇವೆ. ಅವಳ ಗಂಡ ಜೀಪು ಓಡಿಸುತ್ತಾನೆ. ಅದೇ ಜೀಪಿನಲ್ಲಿ ನನ್ನ ತಂಗಿ, ಅವಳ ಮೂವರು ಮಕ್ಕಳು, ಕೆಲವು ಸಲ ನನ್ನ ಮುದಿ ತಾಯಿ, ಇವರ ಜೊತೆ ಕಲಬುರಗಿ-ಹುಮನಾಬಾದ್ ರಸ್ತೆಯ ಎಷ್ಟೋ ಊರಿನ ಎಷ್ಟೋ ಜನ ಕೂರುತ್ತಾರೆ. ಹೀಗಿರುವಾಗ ಬ್ರೇಕಿನ ವಿಷಯ ಮೆಕ್ಯಾನಿಕನಿಗೆ ಬಿಟ್ಟದ್ದು ಎಂದು ಸುಮ್ಮನಿರಲು ಆಗುವುದಿಲ್ಲ.

ಈ ರಸ್ತೆ ಗೊತ್ತಿಲ್ಲದವರಿಗೆ ಒಂದು ಮಾತು. ಕಲಬುರಗಿಯಿಂದ ಕಮಲಾಪುರಕ್ಕೆ ಸುಮಾರು 35 ಕಿಲೋಮೀಟರು. ನಮ್ಮ ಜಿಲ್ಲೆ ಅಂದರೆ ತೊಗರಿ ಹೊಲಗಳ ಚಪ್ಪಟೆ ಬಯಲು ಎಂದೇ ಹೊರಗಿನವರ ಕಲ್ಪನೆ. ಆದರೆ ಕಮಲಾಪುರದ ಕಡೆಗೆ ನೆಲ ಏಳುತ್ತದೆ, ಬೀಳುತ್ತದೆ, ತಿರುವುಗಳು ಬರುತ್ತವೆ. 2017ರಲ್ಲಿ ಉದ್ಘಾಟನೆಯಾದ ಬೀದರ್-ಕಲಬುರಗಿ ರೈಲು ಮಾರ್ಗಕ್ಕೆ ಮರಗುತ್ತಿಯ ಹತ್ತಿರ ಗುಡ್ಡ ಕೊರೆದು ಸುರಂಗ ಮಾಡಬೇಕಾಯಿತು ಎಂದರೆ ನೆಲ ಹೇಗಿದೆ ಎಂದು ನೀವೇ ಊಹಿಸಿ. ಭೌಗೋಳಿಕ ಸೂಚಿಕೆ ಪಡೆದ ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರ 2022ರ ಜೂನ್ 3ರ ಬೆಳಿಗ್ಗೆ ಬೇರೆಯೇ ಕಾರಣಕ್ಕೆ ಸುದ್ದಿಯಾಯಿತು. ಗೋವೆಯಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸೊಂದು ಸರಕು ವಾಹನಕ್ಕೆ ಡಿಕ್ಕಿಯಾಗಿ, ಬೆಂಕಿ ಹೊತ್ತಿ ಏಳು ಜನ ಸತ್ತರು. ಅದನ್ನು ಬ್ರೇಕಿನ ಲೆಕ್ಕಕ್ಕೆ ಸೇರಿಸಲು ಇಲ್ಲಿ ಹೇಳುತ್ತಿಲ್ಲ. ಆ ದಿನದಿಂದ ನನ್ನ ತಂಗಿ ಗಂಡ ಮನೆಗೆ ಬರುವುದು ತಡವಾದರೆ ಫೋನು ಹಿಡಿದುಕೊಂಡೇ ಕೂರುತ್ತಾಳೆ ಎಂದು ತಿಳಿಸಲು ಹೇಳಿದೆ.

2024ರ ಮೇ ತಿಂಗಳು. ನಮ್ಮೂರಿನ ಬಿಸಿಲು ಗೊತ್ತೇ ಇದೆ, ಅದರಲ್ಲೂ ಮೇ ತಿಂಗಳ ಮಧ್ಯಾಹ್ನ. ತಂಗಿಯ ಗಂಡ ಗಾಡಿ ತಂದು ಬೇವಿನ ಮರದ ಕೆಳಗೆ ನಿಲ್ಲಿಸಿದ. "ಪೆಡಲ್ ಪತ್ಥರ್ ಹೋಗಯಾ ಭಾಯ್" ಅಂದ. ಪೆಡಲು ಕಲ್ಲಾಗಿದೆ. ಹದಿನೈದು ದಿನದಿಂದ ಹೀಗೆ. ಹೆದ್ದಾರಿಯ ಒಂದು ಗ್ಯಾರೇಜಿನಲ್ಲಿ ತೋರಿಸಿದ್ದಾನೆ. ಅವರು ನಾಲ್ಕೂ ಚಕ್ರ ಬಿಚ್ಚಿ ಲೈನರ್ ಬದಲಿಸಿದ್ದಾರೆ, ಮಾಸ್ಟರ್ ಸಿಲಿಂಡರಿನ ರಬ್ಬರ್ ಕಿಟ್ ಹಾಕಿದ್ದಾರೆ, ಆರು ಸಾವಿರದ ಮೇಲೆ ತೆಗೆದುಕೊಂಡಿದ್ದಾರೆ. ಎರಡು ದಿನ ಸರಿ ಇದ್ದ ಹಾಗಿತ್ತಂತೆ, ಮತ್ತೆ ಅದೇ ಕಲ್ಲು.

ಉಸ್ತಾದರು ಪಾನ ಮುಟ್ಟಲಿಲ್ಲ. ಕಟ್ಟೆಯಿಂದ ಏಳಲೂ ಇಲ್ಲ. ಕೇಳಿದ್ದು ಒಂದೇ ಪ್ರಶ್ನೆ: "ಪೈಲೇ ದಬಾವ್ ಮೇ ಪತ್ಥರ್ ಯಾ ತೀಸ್ರೇ ದಬಾವ್ ಮೇ?" ಮೊದಲ ಒತ್ತಿಗೇ ಕಲ್ಲೋ, ಮೂರನೇ ಒತ್ತಿಗೋ?

ಭಾವ ಯೋಚಿಸಿದ. ಇದನ್ನು ಯಾರೂ ಅವನಿಗೆ ಕೇಳಿರಲಿಲ್ಲ. ಹದಿನೈದು ದಿನದಿಂದ ಅವನ ಬಲಗಾಲಿಗೆ ಗೊತ್ತಿದ್ದ ಉತ್ತರ ಬಾಯಿಗೆ ಬರಲು ಒಂದು ನಿಮಿಷವೇ ಹಿಡಿಯಿತು. "ಮೊದಲು ಚಲೋ ಇರ್ತದ. ಇಳುಕಲಿನಾಗ ಒಂದರ ಹಿಂದೊಂದು ಒತ್ತಿದಾಗ ಮೂರನೇದು ಕಲ್ಲು" ಎಂದ. ಬೆಳಿಗ್ಗೆಯೋ ಮಧ್ಯಾಹ್ನವೋ? ಮಧ್ಯಾಹ್ನ. ರೇಸ್ ಕೊಟ್ಟರೆ ಮೆತ್ತಗಾಗುತ್ತದೆಯೋ? ಇಲ್ಲ, ಒಮ್ಮೊಮ್ಮೆ ಇನ್ನೂ ಗಟ್ಟಿ. ಒತ್ತಿದಾಗ ಕಾಲ ಹತ್ತಿರ ಹಾವು ಬುಸುಗುಟ್ಟಿದ ಸದ್ದು ಬರುತ್ತದೆಯೋ? ಇಲ್ಲ.

ಈ ನಾಲ್ಕು ಉತ್ತರಗಳಲ್ಲಿ ರೋಗ ಇತ್ತು. ಅದನ್ನು ಹೇಳುವ ಮೊದಲು ಈ ಯಂತ್ರ ಕೆಲಸ ಮಾಡುವ ರೀತಿಯನ್ನು ನನಗೆ ತಿಳಿದಷ್ಟು ಹೇಳುತ್ತೇನೆ.

ನಾನು ಏಳನೆಯವರೆಗೆ ಉರ್ದು ಶಾಲೆಯಲ್ಲಿ ಓದಿದವನು, ಆಮೇಲೆ ಕನ್ನಡ ಶಾಲೆ. ಹೀಗಾಗಿ ಒಂದೇ ವಿಜ್ಞಾನ ನನ್ನ ತಲೆಯಲ್ಲಿ ಎರಡು ಕೋಣೆಗಳಲ್ಲಿ ಕೂತಿದೆ. ಒಂದರಲ್ಲಿ ಅದು 'ದಬಾವ್', ಇನ್ನೊಂದರಲ್ಲಿ 'ಒತ್ತಡ'. 17ನೇ ಶತಮಾನದ ಫ್ರೆಂಚ್ ಪಂಡಿತ ಪಾಸ್ಕಲ್ ಹೇಳಿದ್ದು ಎರಡೂ ಕಡೆ ಒಂದೇ: ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುತ್ತದೆ. ಪೆಡಲು ಒತ್ತಿದರೆ ಮಾಸ್ಟರ್ ಸಿಲಿಂಡರಿನ ಒಳಗೆ ದ್ರವ ಒತ್ತಲ್ಪಡುತ್ತದೆ, ಕೊಳವೆಗಳ ಮೂಲಕ ಆ ಒತ್ತಡ ಚಕ್ರಗಳಿಗೆ ಮುಟ್ಟುತ್ತದೆ, ಅಲ್ಲಿನ ಪಿಸ್ಟನ್ನುಗಳು ಲೈನರನ್ನು ಡ್ರಮ್ಮಿಗೋ ಡಿಸ್ಕಿಗೋ ಒತ್ತುತ್ತವೆ. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿಗೆ ನಾಲ್ಕೂ ಚಕ್ರಕ್ಕೆ ಹೀಗೆ ದ್ರವದ ಬ್ರೇಕು ಬಂತು. ಅದಕ್ಕೂ ಮೊದಲು ಸರಳು, ತಂತಿ ಎಳೆಯುವ ಬ್ರೇಕುಗಳು. ಒಂದು ಚಕ್ರ ಹಿಡಿಯುವುದು, ಇನ್ನೊಂದು ಬಿಡುವುದು.

ಗಾಡಿ ಭಾರವಾದ ಹಾಗೆ ಮನುಷ್ಯನ ಕಾಲು ಸಾಲದಾಯಿತು. ಆಗ ಬಂದದ್ದು ಬೂಸ್ಟರು. ಬಾನೆಟ್ ಎತ್ತಿದರೆ ಚಾಲಕನ ಎದುರಿಗೆ ಕಪ್ಪು ಬಣ್ಣದ, ರೊಟ್ಟಿ ಡಬ್ಬಿಯಂಥ ದುಂಡನೆಯ ವಸ್ತು ಕಾಣುತ್ತದಲ್ಲ, ಅದೇ. ಅದರ ಮಧ್ಯದಲ್ಲಿ ರಬ್ಬರಿನ ಪರದೆ. ಕಾಲು ಇಡದಿದ್ದಾಗ ಪರದೆಯ ಎರಡೂ ಬದಿ ನಿರ್ವಾತ. ಪೆಡಲು ಒತ್ತಿದ ಕೂಡಲೇ ಚಾಲಕನ ಕಡೆಯ ಬದಿಗೆ ಹೊರಗಿನ ಗಾಳಿ ನುಗ್ಗುತ್ತದೆ, ಇನ್ನೊಂದು ಬದಿ ಖಾಲಿಯೇ ಇರುತ್ತದೆ. ನಮ್ಮ ತಲೆಯ ಮೇಲಿನ ಆಕಾಶವೇ ಬಂದು ಪೆಡಲಿಗೆ ಕೈ ಹಚ್ಚಿದ ಹಾಗೆ. 1650ರ ದಶಕದಲ್ಲಿ ಜರ್ಮನಿಯ ಆಟೋ ಫಾನ್ ಗೆರಿಕೆ ಎರಡು ಅರ್ಧಗೋಳಗಳನ್ನು ಕೂಡಿಸಿ ಒಳಗಿನ ಗಾಳಿ ತೆಗೆದು, ಎರಡು ಬದಿ ಕುದುರೆ ಕಟ್ಟಿ ಎಳೆಸಿದರೂ ಬಿಡಲಿಲ್ಲ ಎಂಬ ಚಿತ್ರ ಶಾಲೆಯ ಪುಸ್ತಕದಲ್ಲಿ ಬಹಳ ಜನ ನೋಡಿರುತ್ತೀರಿ. ಅದೇ ಬಲ ಇದು. ಲೆಕ್ಕ ಹಾಕಿ ನೋಡಿದೆ: ಒಂಬತ್ತು ಇಂಚು ಅಗಲದ ಬೂಸ್ಟರಿನ ಪರದೆಯ ಕ್ಷೇತ್ರ 410 ಚದರ ಸೆಂಟಿಮೀಟರು. ಗಾಳಿಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ. ಅದರ ನೂರಕ್ಕೆ ಎಪ್ಪತ್ತರಷ್ಟು ನಿರ್ವಾತ ಸಿಕ್ಕರೂ 280 ಕಿಲೋಗಿಂತ ಹೆಚ್ಚಿನ ತಳ್ಳು. ಮೂರು ಚೀಲ ತೊಗರಿಯ ಭಾರ. ಅಷ್ಟನ್ನು ಯಾವ ಡ್ರೈವರನ ಕಾಲೂ ದಿನಕ್ಕೆ ನೂರು ಸಲ ಒತ್ತಲಾರದು.

ಪೆಟ್ರೋಲ್ ಎಂಜಿನ್ನು ಉಸಿರೆಳೆಯುವಾಗ ತಾನಾಗಿಯೇ ಈ ನಿರ್ವಾತ ಹುಟ್ಟುತ್ತದೆ. ಡೀಸೆಲ್ ಎಂಜಿನ್ನಿನ ಗಾಳಿದಾರಿಗೆ ಆ ರೀತಿಯ ಅಡ್ಡಬಾಗಿಲು ಇಲ್ಲ, ಅದಕ್ಕೇ ಪ್ರತ್ಯೇಕ ಪಂಪು ಬೇಕು. ಬಹಳಷ್ಟು ಜೀಪುಗಳಲ್ಲಿ ಆ ಪುಟ್ಟ ಪಂಪು ಆಲ್ಟರ್ನೇಟರಿನ ಬೆನ್ನಿಗೆ ಅಂಟಿಕೊಂಡಿರುತ್ತದೆ. ಅಲ್ಲಿಂದ ಬೂಸ್ಟರಿಗೆ ಒಂದು ರಬ್ಬರ್ ಕೊಳವೆ, ದಾರಿಯಲ್ಲಿ ಒಂದು ಏಕಮುಖ ವಾಲ್ವು. ಎಂಜಿನ್ನು ನಿಂತರೂ ಬೂಸ್ಟರಿನೊಳಗಿನ ನಿರ್ವಾತ ಕೂಡಲೇ ಹೋಗದಂತೆ ಕಾಯುವುದು ಆ ವಾಲ್ವಿನ ಕೆಲಸ. ಆ ಉಳಿತಾಯದಲ್ಲಿ ಎರಡು ಮೂರು ಸಲ ಬ್ರೇಕು ಒತ್ತಬಹುದು. ಆಮೇಲೆ ಮುಗಿಯಿತು.

ಈಗ ಉಸ್ತಾದರ ಪ್ರಶ್ನೆಗೆ ಬನ್ನಿ. ಮೊದಲ ಒತ್ತಿಗೇ ಕಲ್ಲಾಗಿದ್ದರೆ ಬೂಸ್ಟರಿನ ಪರದೆ ಹರಿದಿರಬಹುದು. ಆಗ ಗಾಳಿ ಒಳಗಿಂದೊಳಗೇ ದಾಟಿ ಬುಸುಗುಟ್ಟುತ್ತದೆ. ಬುಸುಗುಟ್ಟಲಿಲ್ಲ, ಮೊದಲ ಒತ್ತು ಚೆನ್ನಾಗಿದೆ. ಅಂದರೆ ಬೂಸ್ಟರಿಗೆ ಏನೂ ಆಗಿಲ್ಲ, ಉಳಿತಾಯದ ಪೆಟ್ಟಿಗೆ ಭದ್ರವಿದೆ. ಖರ್ಚಾದದ್ದು ಮತ್ತೆ ತುಂಬುತ್ತಿಲ್ಲ. ತುಂಬುವವನು ಪಂಪು. ಪಂಪು ಸವೆದಿದ್ದರೆ ಎಂಜಿನ್ನಿನ ವೇಗ ಏರಿಸಿದಾಗ ಸ್ವಲ್ಪವಾದರೂ ಸುಧಾರಿಸಬೇಕಿತ್ತು. ಸುಧಾರಿಸುವುದಿರಲಿ, ಕೆಡುತ್ತಿದೆ. ಹಾಗಾದರೆ ಪಂಪಿಗೂ ಬೂಸ್ಟರಿಗೂ ನಡುವೆ ಏನಿದೆ? ಕೊಳವೆ. ಬಿಸಿಲೇರಿದಾಗ ಮೆತ್ತಗಾಗಿ, ಎಳೆತ ಹೆಚ್ಚಾದಾಗ ಬಾಯಿ ಮುಚ್ಚಿಕೊಳ್ಳುವ ಕೊಳವೆ.

ಕಟ್ಟೆಯ ಮೇಲೆ ಕೂತೇ ಇಷ್ಟು ದೂರ ಬಂದಿದ್ದರು. ಆದರೂ ಪರೀಕ್ಷೆ ಬಿಡಲಿಲ್ಲ. ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು, ಅದಕ್ಕೇ ಬರೆಯುತ್ತಿದ್ದೇನೆ. ಎಂಜಿನ್ನು ಬಂದ್ ಮಾಡಿ ಪೆಡಲನ್ನು ಐದಾರು ಸಲ ಒತ್ತಿ ಬಿಡಬೇಕು. ಉಳಿತಾಯದ ನಿರ್ವಾತ ಖರ್ಚಾಗಿ ಪೆಡಲು ಗಟ್ಟಿಯಾಗುತ್ತದೆ. ಕಾಲನ್ನು ಪೆಡಲಿನ ಮೇಲೆ ಒತ್ತಿ ಹಿಡಿದುಕೊಂಡೇ ಎಂಜಿನ್ನು ಚಾಲೂ ಮಾಡಬೇಕು. ಪೆಡಲು ಕಾಲ ಕೆಳಗೆ ಒಂದಿಷ್ಟು ತಾನಾಗಿ ಇಳಿಯಬೇಕು. ಇಳಿದರೆ ಬೂಸ್ಟರಿಗೆ ಜೀವ ಇದೆ. ಇಳಿಯದಿದ್ದರೆ ಇಲ್ಲ. ಇನ್ನೊಂದು: ಚಾಲೂ ಇರುವಾಗ ಒತ್ತಿ ಹಿಡಿದು, ಎಂಜಿನ್ನು ಬಂದ್ ಮಾಡಿ, ಅರ್ಧ ನಿಮಿಷ ಹಾಗೇ ಹಿಡಿದಿರಬೇಕು. ಪೆಡಲು ಕಾಲನ್ನು ಮೇಲಕ್ಕೆ ದೂಡಿದರೆ ಎಲ್ಲೋ ಗಾಳಿ ಸೋರುತ್ತಿದೆ ಎಂದರ್ಥ.

ಗಾಡಿ ತಣ್ಣಗಿದ್ದಾಗ ಪೆಡಲು ಇಳಿಯಿತು. ಭಾವನನ್ನು ರಿಂಗ್ ರೋಡಿಗೆ ಕಳಿಸಿ ಅರ್ಧ ಗಂಟೆ ಓಡಿಸಿಕೊಂಡು ಬಾ ಎಂದರು. ಬಂದ ಮೇಲೆ ಅದೇ ಪರೀಕ್ಷೆ. ಪೆಡಲು ಇಳಿಯಲಿಲ್ಲ. ಆಗ ಎದ್ದರು. ಪಂಪಿನ ತುದಿಯಿಂದ ಕೊಳವೆ ಕಿತ್ತು ಹೆಬ್ಬೆರಳು ಇಟ್ಟರು. ಬೆರಳನ್ನು ಎಳೆದು ಹಿಡಿಯಿತು. ಪಂಪು ಗಟ್ಟಿ. ವಾಲ್ವನ್ನು ಬಾಯಿಗಿಟ್ಟು ಊದಿದರು; ಒಂದು ಕಡೆ ಹೋಯಿತು, ಇನ್ನೊಂದು ಕಡೆ ಹೋಗಲಿಲ್ಲ. ವಾಲ್ವೂ ಸರಿ. ಕೊಳವೆಯನ್ನು ನನ್ನ ಕೈಗೆ ಕೊಟ್ಟರು. ಬಿಸಿ ಇತ್ತು. ಮಧ್ಯದಲ್ಲಿ ಒಂದು ಕಡೆ ಚಪ್ಪಟೆಯಾಗಿ ಒಳಗೋಡೆಗಳು ಅಂಟಿಕೊಂಡಿದ್ದವು, ಬಿಸಿಲಿಗೆ ಬಿದ್ದ ಬೆಂಡೆಕಾಯಿಯ ಹಾಗೆ. ಅದು ನಿರ್ವಾತದ ಕೊಳವೆಯೇ ಅಲ್ಲ. ನೀರಿನದೋ ಮತ್ಯಾವುದರದೋ, ಒಳಗೆ ನೂಲಿನ ಹೆಣಿಗೆ ಇಲ್ಲದ ಬರೀ ರಬ್ಬರು. ಒಳಗಿನಿಂದ ಹೊರಕ್ಕೆ ಒತ್ತಿದರೆ ತಡೆಯುತ್ತದೆ, ಹೊರಗಿನಿಂದ ಒಳಕ್ಕೆ ಎಳೆದರೆ ಕುಸಿಯುತ್ತದೆ. ಯಾವಾಗಲೋ, ಯಾವುದೋ ಊರಲ್ಲಿ, ಯಾರೋ ಕೈಗೆ ಸಿಕ್ಕದ್ದನ್ನು ತುರುಕಿ ಕ್ಲಿಪ್ಪು ಬಿಗಿದಿದ್ದರು. ಚಳಿಗಾಲವಿಡೀ ಓಡಿತು. ಮೇ ತಿಂಗಳಲ್ಲಿ ಬಣ್ಣ ಬಯಲಾಯಿತು.

ಹೊಸ ಕೊಳವೆಗೆ ಮುನ್ನೂರು ಚಿಲ್ಲರೆ. ಉಸ್ತಾದರ ಕೂಲಿ ಇನ್ನೂರು. ಆರು ಸಾವಿರದ ಪಕ್ಕದಲ್ಲಿ ಈ ಐನೂರನ್ನು ಇಟ್ಟು ನೋಡಿ. ಮೊದಲಿನ ಗ್ಯಾರೇಜಿನವರು ಮೋಸಗಾರರು ಎಂದು ನನಗನಿಸುವುದಿಲ್ಲ. ಅವರು ಹಾಕಿದ ಲೈನರ್ ನಿಜವಾದದ್ದೇ, ಬಿಲ್ಲೂ ಇತ್ತು. ಆದರೆ ನಮ್ಮ ಜನ ಸಾಮಾನಿಗೆ ದುಡ್ಡು ಕೊಡುತ್ತಾರೆ, ವಿಚಾರಕ್ಕೆ ಕೊಡುವುದಿಲ್ಲ. ಅರ್ಧ ತಾಸು ಯೋಚಿಸಿ ಮುನ್ನೂರು ರೂಪಾಯಿಯ ಕೊಳವೆ ಬದಲಿಸಿದವನಿಗೆ "ಇಷ್ಟಕ್ಕೇನಾ ಇನ್ನೂರು?" ಎನ್ನುತ್ತಾರೆ. ನಾಲ್ಕು ಚಕ್ರ ಬಿಚ್ಚಿ ಎಣ್ಣೆ ಮೈಗೆ ಬಳಿದುಕೊಂಡವನಿಗೆ ತಕರಾರಿಲ್ಲದೆ ಎಣಿಸುತ್ತಾರೆ. ಹೀಗಿರುವಾಗ ಯಾವ ಮೆಕ್ಯಾನಿಕ್ ಯೋಚಿಸುತ್ತ ಕೂರುತ್ತಾನೆ? (ಕತೆಗಾರರ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ, ಆದರೆ ನಮ್ಮ ಕತೆ ಕೆಟ್ಟರೆ ಯಾರೂ ಹಳ್ಳಕ್ಕೆ ಬೀಳುವುದಿಲ್ಲ.)

ಉಸ್ತಾದರ ಮಗ ಕೊಲ್ಲಿಗೆ ಹೋಗಿ ಒಂದು ದೊಡ್ಡ ವರ್ಕ್‌ಶಾಪಿನಲ್ಲಿದ್ದಾನೆ. ಇಲ್ಲಿ ಈಗ ಒಬ್ಬನೇ ಶಾಗಿರ್ದ್, ಹತ್ತೊಂಬತ್ತರ ಹುಡುಗ. ವಾಹನ ರಿಪೇರಿ ಮುಸ್ಲಿಮರು ಹೆಚ್ಚಾಗಿ ತೊಡಗಿರುವ ಕಸುಬುಗಳಲ್ಲಿ ಒಂದು ಎಂದು 2006ರ ಸಾಚಾರ್ ಸಮಿತಿಯ ವರದಿಯೂ ಗುರುತಿಸಿತ್ತು. ಗುರುತಿಸಲು ವರದಿ ಬೇಕಿರಲಿಲ್ಲ, ಗಾಜಿಪುರದಲ್ಲಿ ಒಂದು ಸುತ್ತು ಹಾಕಿದರೆ ಸಾಕಿತ್ತು. ಆದರೆ ಈ ಕಸುಬಿನಲ್ಲಿ ಕೈಯಿಂದ ಕೈಗೆ ದಾಟುವುದು ಪಾನ ಹಿಡಿಯುವ ರೀತಿ. ಪ್ರಶ್ನೆ ಕೇಳುವ ರೀತಿ ದಾಟುವುದು ಅಪರೂಪ, ಯಾಕೆಂದರೆ ಅದನ್ನು ಯಾರೂ ಕಸುಬು ಎಂದು ಎಣಿಸುವುದಿಲ್ಲ. ಹುಡುಗನ ಮೊಬೈಲಿಗೆ ಹೊಸ ಗಾಡಿಗಳ ದೋಷದ ಕೋಡು ಓದುವ ಯಂತ್ರ ಜೋಡಿಸಬಹುದು. ಉಸ್ತಾದರು ಅದನ್ನು ಹೀಗಳೆಯುವುದಿಲ್ಲ; ಅವರೇ ಅದಕ್ಕೆ ದುಡ್ಡು ಕೊಟ್ಟಿದ್ದಾರೆ. ಎಬಿಎಸ್ ಇರುವ ಗಾಡಿಯಲ್ಲಿ ಯಾವ ಚಕ್ರದ ಸೆನ್ಸರು ಸುಮ್ಮನಿದೆ ಎಂದು ಅದು ಹೇಳುತ್ತದೆ. ಹಳೆಯ ಜೀಪಿನ ಕೊಳವೆ ಚಪ್ಪಟೆಯಾದದ್ದನ್ನು ಹೇಳುವ ಕೋಡು ಇಲ್ಲ.

ಗಟ್ಟಿ ಪೆಡಲಿನ ಮಾತಾಯಿತು. ಮೆತ್ತನೆಯದು ಬೇರೆ ರೋಗ. ಎರಡನ್ನೂ ಜನ 'ಬ್ರೇಕ್ ಹತ್ತಲ್ಲ' ಎಂಬ ಒಂದೇ ಮಾತಿನಲ್ಲಿ ಹೇಳುವುದರಿಂದಲೇ ಅನಾಹುತ. ಪೆಡಲು ಹತ್ತಿಯ ಗಾದಿಯ ಮೇಲೆ ಕಾಲಿಟ್ಟ ಹಾಗೆ ಕುಣಿದರೆ ಕೊಳವೆಗಳಲ್ಲಿ ದ್ರವದ ಜೊತೆ ಗಾಳಿ ಸೇರಿದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಗಾಳಿಯನ್ನು ಕುಗ್ಗಿಸಬಹುದು. ಕಾಲಿನ ಶ್ರಮವೆಲ್ಲ ಆ ಗುಳ್ಳೆ ಕುಗ್ಗಿಸಲು ಹೋಗುತ್ತದೆ. ಗಾಡಿ ನಿಂತಿರುವಾಗ ಪೆಡಲನ್ನು ಒಂದೇ ಸಮನೆ ಒತ್ತಿ ಹಿಡಿದರೆ ಅದು ಮೆಲ್ಲಗೆ, ಕೆಸರಲ್ಲಿ ಕಾಲು ಹೂತ ಹಾಗೆ ಇಳಿಯುತ್ತ ಹೋದರೆ ಎರಡು ಸಂಶಯ. ಹೊರಗೆ ಎಲ್ಲಾದರೂ ಸೋರುತ್ತಿರಬೇಕು, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಬಟ್ಟಲುಗಳು ಸವೆದು ದ್ರವ ಒಳಗೇ ಹಿಂದೆ ಸರಿಯುತ್ತಿರಬೇಕು. ಎರಡನೆಯದು ಮೋಸದ್ದು. ಕೆಳಗೆ ಒಂದು ಹನಿಯೂ ಬೀಳುವುದಿಲ್ಲ, ಡಬ್ಬಿಯಲ್ಲಿ ಮಟ್ಟ ಇಳಿಯುವುದಿಲ್ಲ. ಮಟ್ಟ ಇಳಿಯುತ್ತಿದ್ದು ಚಕ್ರಗಳ ಹತ್ತಿರ ಎಲ್ಲೂ ಹಸಿ ಕಾಣದಿದ್ದರೆ ಸಿಲಿಂಡರಿನ ಹಿಂಭಾಗದಿಂದ ದ್ರವ ಬೂಸ್ಟರಿನ ಹೊಟ್ಟೆಗೆ ಸೇರುತ್ತಿರಬಹುದು. ಬ್ರೇಕು ಹಾಕಿದಾಗ ಗಾಡಿ ಒಂದು ಬದಿಗೆ ಎಳೆದರೆ ಜನ ಎಳೆದ ಬದಿಯ ಚಕ್ರ ಬಿಚ್ಚಿಸುತ್ತಾರೆ. ಉಸ್ತಾದರು ಮೊದಲು ಬಿಚ್ಚುವುದು ಎದುರು ಬದಿಯದನ್ನು. ಬಲಕ್ಕೆ ಎಳೆಯುತ್ತದೆ ಎಂದರೆ ಬಲಗಾಲಿ ತನ್ನ ಕೆಲಸ ಮಾಡುತ್ತಿದೆ. ಎಡದ್ದು ಸುಮ್ಮನೆ ಕೂತಿರಬಹುದು.

ದ್ರವದ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಬ್ರೇಕ್ ಆಯಿಲ್ ಎಂದು ಕರೆದರೂ ಅದು ಎಣ್ಣೆ ಅಲ್ಲ, ಎಂಜಿನ್ ಆಯಿಲನ್ನು ಅದರ ಜಾಗಕ್ಕೆ ಸುರಿದರೆ ಒಳಗಿನ ರಬ್ಬರೆಲ್ಲ ಉಬ್ಬಿ ಕೂರುತ್ತದೆ. ಇನ್ನೊಂದು, ಅದು ಗಾಳಿಯಿಂದ ನೀರು ಹೀರುತ್ತದೆ. ಉಪ್ಪಿನ ಹಾಗೆ. ಡಾಟ್ 3 ಎಂದು ಬರೆದ ಹೊಸ ದ್ರವ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು ಎಂಬುದು ಮಾನದಂಡ. ನೀರು ಹೀರಿದ ಮೇಲೆ ಅದೇ ಮಾನದಂಡ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ತುಂಬಿದ ಜೀಪು ಇಳುಕಲಿನಲ್ಲಿ ಬ್ರೇಕಿನ ಮೇಲೇ ಇಳಿದರೆ ಚಕ್ರದ ಹತ್ತಿರದ ಬಿಸಿ ಏರುತ್ತ ಹೋಗುತ್ತದೆ. ಹಳೆಯ ದ್ರವ ಕುದಿದು ಆವಿಯಾಯಿತೆನ್ನಿ, ಕೊಳವೆಯಲ್ಲಿ ಮತ್ತೆ ಅದೇ ಗುಳ್ಳೆ. ಪೆಡಲು ನೆಲ ಮುಟ್ಟುತ್ತದೆ. ಅರ್ಧ ತಾಸು ನಿಂತರೆ ಆವಿ ಮತ್ತೆ ದ್ರವವಾಗಿ ಬ್ರೇಕು ಸರಿಯಾಗುತ್ತದೆ. ಪರೀಕ್ಷಿಸಲು ಬಂದವರಿಗೆ ಏನೂ ಸಿಗುವುದಿಲ್ಲ. ಡ್ರೈವರ್ ಸುಳ್ಳು ಹೇಳಿದ ಎಂದು ಬರೆದುಕೊಳ್ಳುತ್ತಾರೆ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಿ ಎಂದು ತಿಳಿದವರು ಹೇಳುವುದು ಇದಕ್ಕೇ.

ಗಟ್ಟಿ-ಮೆತ್ತನೆಯ ವ್ಯತ್ಯಾಸ ಚಾಲಕನಿಗೆ ಯಾಕೆ ಗೊತ್ತಿರಬೇಕು ಎಂದರೆ ಎರಡಕ್ಕೂ ರಸ್ತೆಯ ಮೇಲಿನ ಮದ್ದು ಉಲ್ಟಾ. ಪೆಡಲು ಮೆತ್ತಗಾಗಿ ಒಳಗೆ ಹೋದರೆ ಪಟಪಟ ಒತ್ತಿ ಬಿಡಬೇಕು. ಒತ್ತಡ ಸ್ವಲ್ಪ ಕೂಡಿಬರಬಹುದು. ಪೆಡಲು ಕಲ್ಲಾದರೆ ಹಾಗೆ ಮಾಡಲೇಬಾರದು. ಒಂದೊಂದು ಒತ್ತಿಗೂ ಉಳಿದ ನಿರ್ವಾತ ಖರ್ಚಾಗುತ್ತದೆ. ಕಾಲು ಎತ್ತದೆ, ಬೇಕಾದರೆ ಎರಡೂ ಕಾಲಿಟ್ಟು, ಬೆನ್ನನ್ನು ಸೀಟಿಗೆ ಕೊಟ್ಟು ಒತ್ತಬೇಕು. ಬೂಸ್ಟರ್ ಸತ್ತರೂ ದ್ರವದ ಬ್ರೇಕು ಸತ್ತಿಲ್ಲ, ಭಾರವಾಗಿದೆ ಅಷ್ಟೆ. ಎರಡರಲ್ಲೂ ಗೇರು ಇಳಿಸಬೇಕು, ಹ್ಯಾಂಡ್ ಬ್ರೇಕನ್ನು ಮೆಲ್ಲಗೆ ಎಳೆಯಬೇಕು. ಇದನ್ನು ಭಾವನಿಗೆ ಕೇಳಿದೆ: ಇಷ್ಟು ದಿನ ಇಳುಕಲಿನಲ್ಲಿ ಕಲ್ಲಾದಾಗ ಏನು ಮಾಡುತ್ತಿದ್ದೆ? "ಪಟಪಟ ಒತ್ತತಿದ್ದೆ" ಎಂದ. ಲೈಸೆನ್ಸು ಪಡೆದು ಹದಿನೆಂಟು ವರ್ಷವಾಗಿದೆ.

ಅದಕ್ಕಿಂತ ನನಗೆ ದಿಗಿಲಾದದ್ದು ಇನ್ನೊಂದು ಮಾತಿಗೆ. ಡೀಸೆಲ್ ಉಳಿಸಲು ಇಳುಕಲಿನಲ್ಲಿ ನ್ಯೂಟ್ರಲ್ ಮಾಡಿ ಚಾವಿ ತಿರುಗಿಸಿ ಎಂಜಿನ್ನು ಬಂದ್ ಮಾಡುತ್ತಾರಂತೆ. ಇವನೊಬ್ಬನೇ ಅಲ್ಲ, ಬಹಳ ಜನ. ಎಂಜಿನ್ನು ನಿಂತರೆ ಪಂಪು ನಿಂತಿತು. ಪಂಪು ನಿಂತರೆ ಎರಡು ಮೂರು ಒತ್ತಿನ ನಂತರ ಆ 280 ಕಿಲೋ ಮಾಯ. ಹದಿಮೂರು ಸೀಟಿನಲ್ಲಿ ಇಪ್ಪತ್ತು ಜನ ಕೂತಿರುವಾಗ. ಗಾಡಿಯ ವೇಗ ಎರಡು ಪಟ್ಟಾದರೆ ನಿಲ್ಲಿಸಬೇಕಾದ ಶಕ್ತಿ ನಾಲ್ಕು ಪಟ್ಟು ಎಂಬುದು ಹತ್ತನೆಯ ತರಗತಿಯ ಲೆಕ್ಕ. ಉಸ್ತಾದರು ಬಯ್ಯಲಿಲ್ಲ. "ಎಷ್ಟು ಉಳೀತದ?" ಎಂದು ಕೇಳಿದರು. ಒಂದು ದಿನಕ್ಕೆ ಎಪ್ಪತ್ತು ಎಂಬತ್ತು ರೂಪಾಯಿ ಎಂದ.

ಆ ಎಪ್ಪತ್ತು ರೂಪಾಯಿಯನ್ನು ನಗುವ ಹಾಗಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಉಚಿತವಾಯಿತು. ನನ್ನ ತಂಗಿಯೂ ಈಗ ತವರಿಗೆ ಬರುವುದು ಬಸ್ಸಿನಲ್ಲೇ, ಗಂಡನ ಜೀಪಿನಲ್ಲಿ ಅಲ್ಲ. ಒಳ್ಳೆಯದೇ ಆಯಿತು ಎಂದು ನಾನು ಎಲ್ಲರೆದುರೂ ಹೇಳುತ್ತೇನೆ. ದುಡ್ಡು ಕೇಳದೆ ಹೊರಗೆ ಹೊರಡುವುದು ಹೆಣ್ಣಿಗೆ ಸಣ್ಣ ವಿಷಯವಲ್ಲ. ಆದರೆ ಅವನ ಜೀಪಿನ ಅರ್ಧ ಸೀಟು ಅಂದಿನಿಂದ ಖಾಲಿ. ಖಾಲಿ ಸೀಟಿನ ಗಾಡಿಗೆ ಕಂತು ಕಡಿಮೆಯಾಗುವುದಿಲ್ಲ, ಇನ್ಶುರೆನ್ಸು ಕಡಿಮೆಯಾಗುವುದಿಲ್ಲ. ಕಡಿಮೆ ಮಾಡಬಹುದಾದದ್ದು ಯಾವುದು? ಕಾಣದೆ ಇರುವ ಖರ್ಚು. ಟೈರು ಬೋಳಾದರೆ ಪೊಲೀಸರಿಗೆ ಕಾಣುತ್ತದೆ. ದ್ರವ ಹಳತಾದರೆ ಯಾರಿಗೆ ಕಾಣುತ್ತದೆ?

ಉಸ್ತಾದರು ಕೊಳವೆ ಬದಲಿಸಿದ ಮೇಲೆ ದ್ರವದ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ಚಹಾದ ಕಷಾಯದ ಬಣ್ಣ. ಹಿಂದಿನ ಎಡಗಾಲಿ ಬಿಚ್ಚಿಸಿದರು. ಡ್ರಮ್ಮಿನೊಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಲು ಹುಡುಗ ಪೈಪು ಹಿಡಿದಾಗ ಗದರಿ, ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ಒರೆಸಲು ಹೇಳಿದರು. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಕಟ್ಟೆಯ ಮೇಲೆ ನಲವತ್ತು ವರ್ಷ ಆ ಧೂಳು ಊದಿದವರಿಗೆ ಅದು ಗೊತ್ತಾದದ್ದು ಬಹಳ ತಡವಾಗಿ. ಚಕ್ರದ ಸಿಲಿಂಡರಿನ ರಬ್ಬರ್ ಟೋಪಿ ಎತ್ತಿದರೆ ಒಳಗೆ ಹಸಿ. ಸೋರಿಕೆ ಈಗಷ್ಟೇ ಶುರುವಾಗಿತ್ತು.

ಇದಕ್ಕೂ ದ್ರವಕ್ಕೂ ಸೇರಿ ಎರಡು ಸಾವಿರದ ಹತ್ತಿರ ಆಗುತ್ತಿತ್ತು. ಮರುದಿನ ಬೆಳಿಗ್ಗೆ ಕಮಲಾಪುರದಿಂದ ಬಸವಕಲ್ಯಾಣಕ್ಕೆ ಮದುವೆಯ ಬಾಡಿಗೆ, ಅಕ್ಕಪಕ್ಕದ ಲಿಂಗಾಯತರ ಮನೆಯದು, ಮುಂಗಡ ತೆಗೆದುಕೊಂಡಾಗಿತ್ತು. ಭಾವ ಹೇಳಿದ: ಪೆಡಲು ಸರಿ ಆಯಿತಲ್ಲ, ಬಾಡಿಗೆ ಮುಗಿಸಿ ಬಂದು ಮಾಡಿಸುತ್ತೇನೆ. ಉಸ್ತಾದರು ಚಾವಿಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. ಮಾತು ಬೆಳೆಯಿತು. ನನ್ನ ಗಾಡಿ, ನನ್ನ ಚಾವಿ ಎಂದ ಇವನು. "ಹೌದಪ್ಪ, ಗಾಡಿ ನಿಂದೇ. ಕೂಡೋ ಮಂದಿ ನಿನ್ನವರಲ್ಲ" ಎಂದರು ಅವರು. ನನ್ನ ಕಡೆ ಇಬ್ಬರೂ ನೋಡಿದರು. ತಂಗಿಗೆ ಫೋನು ಮಾಡಿದೆ. ಅವಳು ಗಂಡನಿಗೆ ಕೊಡಿ ಎನ್ನಲಿಲ್ಲ, ಉಸ್ತಾದರಿಗೆ ಕೊಡಿ ಎಂದಳು. ಅವರು ಏನು ಮಾತಾಡಿದರೋ ಗೊತ್ತಿಲ್ಲ, "ಹೌ ಬೇಟಾ, ಹೌ" ಎಂಬುದಷ್ಟೇ ನಮಗೆ ಕೇಳಿಸಿತು.

ರಾತ್ರಿ ಬಲ್ಬು ಹಚ್ಚಿಕೊಂಡು ಕೆಲಸ ಮುಗಿಸಿದರು. ಸಾಮಾನಿನ ದುಡ್ಡು ಅಂದೇ ಕೊಟ್ಟದ್ದಾಯಿತು, ಕೂಲಿ ಬಕ್ರೀದಿನ ನಂತರ ಎಂದು ಒಪ್ಪಂದ. ಕೊನೆಗೆ ಹುಡುಗ ಕಾಲಿಟ್ಟು ಪೆಡಲು ಒತ್ತುತ್ತಿದ್ದ, ಉಸ್ತಾದರು ಗಾಡಿಯ ಕೆಳಗೆ ಮಲಗಿ ಒಂದೊಂದೇ ಚಕ್ರದಿಂದ ಗಾಳಿ ಬಿಡಿಸುತ್ತಿದ್ದರು. ದಬಾ, ಛೋಡ್, ದಬಾ, ಛೋಡ್. ಮೊದಲು ದೂರದ ಎಡಗಾಲಿ, ಕಡೆಗೆ ಡ್ರೈವರನ ಹತ್ತಿರದ್ದು. ಪಾರದರ್ಶಕ ನಳಿಕೆಯಲ್ಲಿ ಗುಳ್ಳೆ ಬರುವುದು ನಿಂತ ಮೇಲೆ ಭಾವನನ್ನೇ ಕೂರಿಸಿ, ಎಂಜಿನ್ನು ಬಂದ್ ಇಟ್ಟು ಐದು ಸಲ ಒತ್ತಿಸಿ, ಕಾಲು ಹಿಡಿದೇ ಚಾಲೂ ಮಾಡಿಸಿದರು. ಪೆಡಲು ಇಳಿಯಿತೇ ಎಂದು ಕೆಳಗಿನಿಂದಲೇ ಕೇಳಿದರು. ಇಳಿಯಿತು ಎಂದ. ಎಷ್ಟು ಎಂದು ಕೇಳಿದರು. ಅವನು ಹೆಬ್ಬೆರಳು, ತೋರುಬೆರಳಿನ ನಡುವೆ ಅಳತೆ ತೋರಿಸಿದ; ಗಾಡಿಯ ಕೆಳಗಿದ್ದವರಿಗೆ ಅದು ಕಾಣಲಿಲ್ಲ, ಬಾಯಿಬಿಟ್ಟು ಹೇಳು ಎಂದರು.